ರಿಪೇರಿ ಪಟ್ಟಿಯನ್ನೇ ತೆರೆದಿಟ್ಟೆವು, ಬೀದಿ ದೀಪ ಬೇಗ ಹೊತ್ತಿತು: ನನ್ನ ಅನುಭವ

ಬೀದಿ ದೀಪದ ದೂರುಗಳನ್ನು ಎಲ್ಲರಿಗೂ ಕಾಣುವ ಹಾಗೆ ತೆರೆದಿಟ್ಟರೆ ರಿಪೇರಿ ಬೇಗ ಆಗುತ್ತದೆ ಅಂತ ನಾನು ಹೇಳಿದಾಗ ನಮ್ಮ ಪಾಲಿಕೆಯಲ್ಲಿ ನಂಬಿದವರು ಕಡಿಮೆ. "ನಮ್ಮ ಹುಳುಕನ್ನು ನಾವೇ ಎತ್ತಿ ತೋರಿಸಿದ ಹಾಗಾಗುತ್ತೆ" ಅಂದರು. "ಜನ ನೋಡಲ್ಲ, ನೋಡಿದವರು ಜಗಳಕ್ಕೆ ಬರ್ತಾರೆ" ಅಂತಲೂ ಅಂದರು. ಮೊದಲು ಕೆಟ್ಟ ದೀಪ ಮತ್ತೆ ಹೊತ್ತಬೇಕಾದರೆ ಹೆಚ್ಚುಕಡಿಮೆ ಎರಡು ವಾರ ಹಿಡಿಯುತ್ತಿತ್ತು. ಈಗ ಮೂರು ನಾಲ್ಕು ದಿನ ಸಾಕು. ಹೊಸ ಜನರನ್ನು ತೆಗೆದುಕೊಂಡಿಲ್ಲ, ಹೊಸ ಗಾಡಿ ಕೊಂಡಿಲ್ಲ. ಇದೇ ಕೆಲಸದಲ್ಲಿ ಇರುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ. ಓಪನ್ ಡೇಟಾ ಅಂದರೆ ಯಾರು ಬೇಕಾದರೂ ತೆಗೆದು ಬಳಸಬಹುದಾದ ಮಾಹಿತಿ, ಸಿಎಸ್‌ವಿ ಅಂದರೆ ಅಲ್ಪವಿರಾಮದಿಂದ ಬೇರ್ಪಡಿಸಿದ ಕಾಲಂಗಳ ಸಾದಾ ಕಡತ, ಇದಕ್ಕಿಂತ ಹೆಚ್ಚಿಗೆ ಇಲ್ಲಿ ಹೇಳುವುದಿಲ್ಲ. ಉಳಿದದ್ದು ನಿಮಗೆ ಗೊತ್ತು.

ಮೊದಲು ದುಡ್ಡಿನ ವಿಷಯ. ನಾನು ಈ ವಿಭಾಗಕ್ಕೆ ಬರುವ ಹೊತ್ತಿಗೆ ಒಂದು ದೊಡ್ಡ ಡೇಟಾ ಪೋರ್ಟಲ್ ಬಂದು ಕೂತಿತ್ತು. ಟೆಂಡರ್ ಕರೆದು ಕೊಂಡದ್ದು. ನಕ್ಷೆ, ಗ್ರಾಫ್, ಬಣ್ಣದ ಚೌಕಗಳು ಎಲ್ಲ ಇತ್ತು. ವರ್ಷಾ ವರ್ಷ ಲೈಸೆನ್ಸ್ ಹಣ ಕಟ್ಟಬೇಕಿತ್ತು. ನಮ್ಮ ವಿಭಾಗದ ಹಣದಲ್ಲಿ ಅರ್ಧಕ್ಕಿಂತ ಜಾಸ್ತಿ ಅದಕ್ಕೇ ಹೋಗುತ್ತಿತ್ತು. ಡೇಟಾ ಮಾತ್ರ ಕೈಯಿಂದಲೇ ಬರಬೇಕು. ಪ್ರತಿ ಇಲಾಖೆಯಲ್ಲೂ ಒಬ್ಬ ಗುಮಾಸ್ತರು ಮೂರು ತಿಂಗಳಿಗೊಮ್ಮೆ ಒಂದು ಎಕ್ಸೆಲ್ ಹಾಳೆ ಕಳಿಸುತ್ತಿದ್ದರು. ಅವರಿಗೆ ವರ್ಗವಾದರೆ ಆ ಹಾಳೆ ಬರುವುದೂ ನಿಲ್ಲುತ್ತಿತ್ತು. ಒಂದೂವರೆ ವರ್ಷದಲ್ಲಿ ಅರ್ಧ ಕಡತಗಳು ಹಳಸಿ ಹೋಗಿದ್ದವು. ಅದು ಯಾರ ಗಮನಕ್ಕೂ ಬರಲಿಲ್ಲ, ಯಾಕಂದರೆ ಕಡತ ಹಳಸಿದರೂ ಯಾರ ಕೆಲಸವೂ ನಿಲ್ಲುತ್ತಿರಲಿಲ್ಲ. ರೋಗ ಇದ್ದದ್ದು ಅಲ್ಲೇ.

ಹಾಗಾಗಿ ನಾನು ಕೇಳಿದ್ದು ಒಂದೇ. ಜನರಿಗೆ ತೋರಿಸಲಿಕ್ಕೆ ಅಂತ ಬೇರೆ ಕಡತ ಮಾಡುವುದು ಬೇಡ. ಲೈನ್‌ಮನ್‌ಗಳು ಬೆಳಿಗ್ಗೆ ಯಾವ ಪಟ್ಟಿ ಹಿಡಿದು ಹೊರಡುತ್ತಾರೋ ಅದೇ ಪಟ್ಟಿ ಹೊರಗೂ ಕಾಣಬೇಕು. ಬೆಳಿಗ್ಗೆ 6 ಗಂಟೆಗೆ ಕಡತ ಸಿದ್ಧ ಆಗುತ್ತದೆ. ಗಾಡಿ ಹೊರಡುವವರು ಫೋನಿನಲ್ಲಿ ಅದೇ ಕೊಂಡಿ ತೆರೆಯುತ್ತಾರೆ, ಊರಿನವರೂ ಅದನ್ನೇ ತೆರೆಯಬಹುದು. ಒಂದು ದಿನ ಕಡತ ಬರದೇ ಹೋದರೆ 6 ಹೊಡೆದ ಹತ್ತೇ ನಿಮಿಷಕ್ಕೆ ಡಿಪೋದಿಂದ ನನಗೆ ಫೋನ್ ಬರುತ್ತದೆ. ಅವರಿಗೆ ಅವತ್ತಿನ ಕೆಲಸವೇ ಗೊತ್ತಾಗಿರುವುದಿಲ್ಲ ಅಲ್ವಾ? ಈ ಒಂದು ಕಾರಣಕ್ಕೇ ನಮ್ಮ ಕಡತ ಎಂದೂ ಹಳಸುವುದಿಲ್ಲ. ಹಳೆಯ ಪೋರ್ಟಲ್‌ಗೆ ಹೋಗುತ್ತಿದ್ದ ಹಣದ ಹತ್ತರಲ್ಲೊಂದು ಪಾಲೂ ಇದಕ್ಕೆ ಆಗಿಲ್ಲ. ಒಂದು ಸಣ್ಣ ಸರ್ವರ್, ಒಂದು ಸ್ಕ್ರಿಪ್ಟ್ (ಸಣ್ಣ ಪ್ರೋಗ್ರಾಂ), ಒಬ್ಬ ಹುಡುಗಿಯ ಅರ್ಧ ದಿನದ ಕೆಲಸ. ಅವಳು ಬರೆದ ಸ್ಕ್ರಿಪ್ಟ್ ಮುನ್ನೂರು ಸಾಲು ಕೂಡ ಇಲ್ಲ.

ಬೇರೆಯವರ ಪ್ರೋಗ್ರಾಂಗಳು ನೇರವಾಗಿ ಮಾಹಿತಿ ತೆಗೆದುಕೊಳ್ಳಲು ಎಪಿಐ ಅನ್ನುವ ದಾರಿ ಕೂಡ ಮಾಡಿದ್ದೆವು. ಬಳಸಿದವರು ಬೆರಳೆಣಿಕೆಯಷ್ಟು ಜನ, ನೋಡಿಕೊಳ್ಳುವ ಖರ್ಚು ಜಾಸ್ತಿ. ಮುಚ್ಚಿದೆವು. ಸಿಎಸ್‌ವಿಯನ್ನು ಜಿಪ್ ಮಾಡಿ ಇಟ್ಟರೆ ಹೀನಾಯ ಅಂತ ಕೆಲವರು ಮೂಗು ಮುರಿದರು. ಅವರಿಗೆ ನಾನು ಬಸ್ಸಿನ ಉದಾಹರಣೆ ಕೊಟ್ಟೆ. 2005ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡಿನ ಟ್ರೈಮೆಟ್ ಸಾರಿಗೆ ಸಂಸ್ಥೆ ಗೂಗಲ್ ಜೊತೆ ಸೇರಿ ಬಸ್ಸಿನ ವೇಳಾಪಟ್ಟಿ ಹೊರಗಿಟ್ಟದ್ದು ಇದೇ ರೀತಿ. ಸಾದಾ ಪಠ್ಯ ಕಡತಗಳು, ಅಲ್ಪವಿರಾಮದಿಂದ ಬೇರ್ಪಡಿಸಿದ ಕಾಲಂಗಳು, ಒಂದು ಜಿಪ್. ಅದೇ ಜಿಟಿಎಫ್‌ಎಸ್ ಅನ್ನುವ ವೇಳಾಪಟ್ಟಿ ಕಡತದ ನಮೂನೆಯಾಗಿ ಬೆಳೆದು ಇವತ್ತು ಪ್ರಪಂಚದ ಎಲ್ಲ ಕಡೆಯ ಸಾರಿಗೆ ಸಂಸ್ಥೆಗಳು ಬಳಸುತ್ತಿವೆ. ಅವರಿಗೆ ಸಾಕಾದದ್ದು ನಮಗೆ ಸಾಲದೇ?

ಇನ್ನು ಡೇಟಾದ ಕೊಳೆಯ, ಅಂದರೆ ತಪ್ಪು ತುಂಬಿದ ಮಾಹಿತಿಯ ವಿಷಯ. ಜಾಸ್ತಿ ಸಮಯ ತಿಂದದ್ದು ಇದೇ. ಒಂದು ಕಂಬ ಅಂದುಕೊಳ್ಳಿ. ಕಂಬದ ಮೇಲೆ ಬಣ್ಣದಲ್ಲಿ 0417 ಅಂತ ಬರೆದಿದೆ. ಎಕ್ಸೆಲ್ ಮುಂದಿನ ಸೊನ್ನೆ ನುಂಗಿ 417 ಮಾಡಿದೆ. ಗುತ್ತಿಗೆದಾರರ ಪುಸ್ತಕದಲ್ಲಿ ಅದೇ ಕಂಬಕ್ಕೆ ಬೇರೆಯದೇ ನಂಬರ್. ದೂರು ಕೊಟ್ಟವರು "ಶಾಲೆಯ ಎದುರಿನ ತಿರುವು" ಅಂದಿದ್ದಾರೆ. ನಾಲ್ಕು ಕಡೆ ನಾಲ್ಕು ಹೆಸರು. ಇದರಿಂದಾಗಿ ಒಂದೇ ದೀಪಕ್ಕೆ ಮೂರು ದೂರು, ಮೂರು ಭೇಟಿ, ಕೆಲವು ಸಲ ಮೂರು ಬಿಲ್. ಅಕ್ಷಾಂಶ ರೇಖಾಂಶ ಅದಲು ಬದಲಾಗಿ ಸಮುದ್ರದಲ್ಲಿ ನಿಂತ ಕಂಬಗಳೂ ಬೇಕಾದಷ್ಟು ಇದ್ದವು. 03-04 ಅಂದರೆ ಮಾರ್ಚ್ ನಾಲ್ಕೋ ಏಪ್ರಿಲ್ ಮೂರೋ ಅಂತ ಕೇಳಿದರೆ ಇಲಾಖೆಗೊಂದು ಉತ್ತರ.

ಎಲ್ಲ ಕಂಬಗಳ ಸರ್ವೆ ಮಾಡಿಸಿ ಅಂತ ಸಲಹೆ ಬಂತು. ಒಂದು ಕಂಪನಿ ದರಪಟ್ಟಿಯನ್ನೂ ಕೊಟ್ಟಿತು. ನಾವು ಒಂದು ವರ್ಷ ದೀಪ ಕೊಳ್ಳುವ ಹಣಕ್ಕಿಂತ ಅದೇ ಜಾಸ್ತಿ ಇತ್ತು. ಬೇಡ ಅಂದೆ. ದೂರು ಬಂದ ಕಂಬಕ್ಕೆ ಮಾತ್ರ ಮೊದಲು ನಂಬರ್ ಅಂತ ನಿಯಮ ಮಾಡಿದೆವು. ಲೈನ್‌ಮನ್ ರಿಪೇರಿಗೆ ಹೇಗೂ ಅಲ್ಲಿಗೆ ಹೋಗುತ್ತಾರೆ. ಹೋದಾಗ ಅಚ್ಚು ಹಿಡಿದು ಹೊಸ ನಂಬರ್ ಬರೆಯಬೇಕು, ಫೋನಿನಲ್ಲಿ ಒಂದು ಫೋಟೋ ತೆಗೆಯಬೇಕು. ಜಾಗ ಫೋಟೋದ ಜೊತೆಗೇ ಬರುತ್ತದೆ. ನಂಬರಿನ ಮುಂದೆ ಒಂದು ಅಕ್ಷರ ಇಟ್ಟೆವು, ಎಕ್ಸೆಲ್ ಸೊನ್ನೆ ನುಂಗುವುದು ನಿಂತಿತು. ಎಂಟು ಒಂಬತ್ತು ತಿಂಗಳಲ್ಲಿ ಊರಿನ ಅರ್ಧದಷ್ಟು ಕಂಬಗಳು ಮುಗಿದವು. ಆದರೆ ದೂರುಗಳಲ್ಲಿ ಹತ್ತರಲ್ಲಿ ಎಂಟು ಒಂಬತ್ತು ಆ ಅರ್ಧದಿಂದಲೇ ಬರುತ್ತಿದ್ದವು. ಉಳಿದ ಅರ್ಧಕ್ಕೆ ಇವತ್ತಿಗೂ ಆತುರ ಇಲ್ಲ.

"ಮುಗಿದಿದೆ" ಅನ್ನುವ ಕಾಲಂ ಇನ್ನೊಂದು ತಲೆನೋವು. ಹಿಂದೆ ಗುತ್ತಿಗೆದಾರರು ಮುಗಿದಿದೆ ಅಂದರೆ ಮುಗಿಯಿತು. ಅದನ್ನು ಮೂರಾಗಿ ಒಡೆದೆವು. ಕೆಲಸದವರು ಮುಗಿದಿದೆ ಅಂದ ದಿನ, ದೂರು ಕೊಟ್ಟವರು ಒಪ್ಪಿದ ದಿನ, ಒಂದು ವಾರದೊಳಗೆ ಅದೇ ಕಂಬಕ್ಕೆ ಮತ್ತೆ ದೂರು ಬಂತೇ ಇಲ್ಲವೇ. ಮೂರೂ ಹೊರಗೆ ಕಾಣುತ್ತವೆ. ಬಿಲ್ ಪಾಸ್ ಆಗುವುದು ಮೂರನೆಯದು ನೋಡಿಕೊಂಡೇ. ಮೊದಲ ತಿಂಗಳು ಲೆಕ್ಕ ಹಾಕಿದಾಗ ಮುಗಿದಿದೆ ಅಂದದ್ದರಲ್ಲಿ ನಾಲ್ಕರಲ್ಲೊಂದು ಪಾಲು ಮತ್ತೆ ದೂರಾಗಿ ಬರುತ್ತಿತ್ತು. ಈಗ ಇಪ್ಪತ್ತರಲ್ಲೊಂದು. ಸುಳ್ಳು ಮುಗಿತಾಯ ಹಿಡಿಯಲು ಇನ್ನೊಂದು ಉಪಾಯವೂ ಇದೆ, ಫೋಟೋಗಳಲ್ಲೇ ಸಿಗುತ್ತದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನಾಳೆಯಿಂದಲೇ ಅದು ಕೆಲಸ ಮಾಡುವುದಿಲ್ಲ.

ಅತಿ ದೊಡ್ಡ ಲಾಭ ಬಂದದ್ದು ಹೊರಗಿನಿಂದ. ಕಡತ ತೆರೆದಿಟ್ಟ ಕೆಲವು ತಿಂಗಳಿಗೆ ನಿವೃತ್ತ ಎಲೆಕ್ಟ್ರಿಷಿಯನ್ ಒಬ್ಬರು ಒಂದು ಪತ್ರ ಕಳಿಸಿದರು. ಜೊತೆಗೆ ಒಂದು ಹಾಳೆ. ಒಂದೇ ರಸ್ತೆಯ ಹನ್ನೊಂದು ಕಂಬಗಳ ದೂರುಗಳನ್ನು ದಿನಾಂಕದ ಪ್ರಕಾರ ಜೋಡಿಸಿದ್ದರು. ಎಲ್ಲವೂ ಮಳೆ ಬಂದ ಮರುದಿನ ಒಟ್ಟಿಗೇ ಬಂದಿದ್ದವು. ಕೆಳಗೆ ಒಂದೇ ಸಾಲು: "ಇವೆಲ್ಲ ಒಂದೇ ಸ್ವಿಚ್ ಬಾಕ್ಸಿಗೆ ಸೇರಿದ್ದಾ ನೋಡಿ ಸಾರ್, ದೀಪ ಕೆಟ್ಟಿರಲ್ಲ, ಕೇಬಲ್ಲಿಗೆ ನೀರು ಹೋಗಿದೆ." ಹೋಗಿ ಬಾಕ್ಸ್ ತೆರೆದೆವು. ಕೇಬಲ್ ಒಳಗೆ ಬರುವ ತೂತಿನ ರಬ್ಬರ್ ಹರಿದಿತ್ತು, ಜಾಯಿಂಟಿನಲ್ಲಿ ಹಸಿರು ಕಿಲುಬು. ಆ ಹನ್ನೊಂದು ಕಂಬಗಳಿಗೆ ನಾವು ಆ ಹಿಂದೆ ಎರಡು ಸುತ್ತು ಹೊಸ ದೀಪ ಹಾಕಿ ದುಡ್ಡು ಕೊಟ್ಟಿದ್ದೆವು.

ಆಮೇಲೆ ಕಂಬದ ಪಕ್ಕ ಸ್ವಿಚ್ ಬಾಕ್ಸಿನ ನಂಬರಿಗೆ ಒಂದು ಕಾಲಂ ಸೇರಿಸಿದೆವು. ಒಂದೇ ಬಾಕ್ಸಿನ ದೂರುಗಳು ಒಂದೇ ರಾತ್ರಿಯಲ್ಲಿ ಒಂದು ಮಿತಿ ದಾಟಿದರೆ ದೀಪದ ತಂಡ ಹೋಗುವುದಿಲ್ಲ, ಕೇಬಲ್ ತಂಡ ಹೋಗುತ್ತದೆ. ಮಿತಿ ಎಷ್ಟು ಅಂತ ಹೇಳುವುದಿಲ್ಲ, ನಿಮ್ಮ ಊರಿನ ಬಾಕ್ಸಿಗೆ ಎಷ್ಟು ಕಂಬ ಅನ್ನುವುದರ ಮೇಲೆ ನೀವೇ ಹುಡುಕಿಕೊಳ್ಳಬೇಕು. ನಮ್ಮಲ್ಲಿ ಬದಲಾಯಿಸಿದ ದೀಪಗಳಲ್ಲಿ ಐದರಲ್ಲೊಂದಾದರೂ ಕೆಟ್ಟೇ ಇರಲಿಲ್ಲ ಅಂತ ಆಗ ತಿಳಿಯಿತು. ದೀಪ ಕೊಳ್ಳುವ ಖರ್ಚು ಮುಂದಿನ ವರ್ಷವೇ ಅಷ್ಟೇ ಪ್ರಮಾಣದಲ್ಲಿ ಇಳಿಯಿತು. ಹಣಕಾಸಿನವರು ಬಾಯಿ ಮುಚ್ಚಿದ್ದು ಅವತ್ತು. ಅದಕ್ಕೂ ಮೊದಲು ನಾನು ಲಂಡನ್ ಸಾರಿಗೆ ಸಂಸ್ಥೆಯ ಲೆಕ್ಕ ತೋರಿಸಿದ್ದೆ. ಅವರ ಓಪನ್ ಡೇಟಾದಿಂದ ವರ್ಷಕ್ಕೆ 130 ಮಿಲಿಯನ್ ಪೌಂಡ್‌ವರೆಗೆ ಲಾಭ ಅಂತ ಡೆಲಾಯ್ಟ್ ಸಲಹಾ ಸಂಸ್ಥೆ 2017ರಲ್ಲಿ ಅಂದಾಜು ಮಾಡಿತ್ತು. "ಅದು ಅವರದ್ದು, ನಮ್ಮದು ತೋರಿಸಿ" ಅಂದಿದ್ದರು. ತೋರಿಸಿದೆ.

ಹೊರಗಿನ ಕಣ್ಣು ಅಂದರೆ ಜಗಳ ಅಂತ ಹೆದರುವವರಿಗೆ ನ್ಯೂಯಾರ್ಕಿನ ಕಥೆ ಹೇಳುತ್ತೇನೆ. ಅಲ್ಲಿ 2012ರಿಂದ ಡೇಟಾ ತೆರೆದಿಡಲೇಬೇಕು ಅಂತ ಕಾನೂನೇ ಇದೆ. ಬೆನ್ ವೆಲ್ಲಿಂಗ್ಟನ್ ಅನ್ನುವವರು ಪಾರ್ಕಿಂಗ್ ದಂಡದ ಕಡತ ಜಾಲಾಡಿ, ಕಾನೂನುಬದ್ಧವಾಗಿ ನಿಲ್ಲಿಸಿದ ಗಾಡಿಗಳಿಗೂ ದಂಡ ಬೀಳುತ್ತಿದೆ ಅಂತ 2016ರಲ್ಲಿ ತೋರಿಸಿಕೊಟ್ಟರು. ನಿಯಮ ಬದಲಾಗಿ ವರ್ಷಗಳೇ ಆಗಿದ್ದರೂ ಬೀದಿಯಲ್ಲಿದ್ದ ಕೆಲವು ಪೊಲೀಸರಿಗೆ ಅದು ತಿಳಿದಿರಲಿಲ್ಲ. ಪೊಲೀಸ್ ಇಲಾಖೆ ಹೌದು ಅಂತ ಒಪ್ಪಿಕೊಂಡು ತರಬೇತಿ ಕೊಟ್ಟಿತು. ಒಳಗೆ ಕೂತವರಿಗೆ ಅದು ಕಾಣುತ್ತಿರಲಿಲ್ಲ.

ಆದರೆ ಎಲ್ಲವನ್ನೂ ತೆರೆಯಬಾರದು. ಇದರಲ್ಲಿ ನಾನು ತುಂಬ ಕಟ್ಟುನಿಟ್ಟು. ದೂರಿನ ವಿವರದ ಕಾಲಂನಲ್ಲಿ ಜನ ಏನೇನೋ ಬರೆಯುತ್ತಾರೆ. ಫೋನ್ ನಂಬರ್, ಮನೆ ಗುರುತು, "ರಾತ್ರಿ ನಾನೊಬ್ಬಳೇ ಇರುತ್ತೇನೆ, ದಯವಿಟ್ಟು ಬೇಗ ಸರಿಮಾಡಿ" ಅಂತ. ಅದನ್ನು ಹೊರಗಿಟ್ಟರೆ ಗತಿ ಏನು? ಫೋನ್ ನಂಬರ್ ಅಳಿಸುವ ಸ್ಕ್ರಿಪ್ಟ್ ಹಾಕೋಣ ಅಂದರು ಕೆಲವರು. ನಾನು ಆ ಕಾಲಂ ಪೂರ್ತಿ ಬೇಡ ಅಂದೆ. ಕಂಬ, ದಿನಾಂಕ, ದೋಷದ ಬಗೆ, ಸ್ಥಿತಿ, ಇಷ್ಟೇ ಸಾಕು. ದೂರುದಾರರ ಗುರುತನ್ನು ಹ್ಯಾಶ್ ಮಾಡಿ, ಅಂದರೆ ಓದಲಾಗದ ಸಂಕೇತಕ್ಕೆ ತಿರುಗಿಸಿ ಇಡುವುದೂ ಬೇಡ. 2014ರಲ್ಲಿ ನ್ಯೂಯಾರ್ಕ್ ಟ್ಯಾಕ್ಸಿಗಳ 17 ಕೋಟಿಗೂ ಮೀರಿದ ಪ್ರಯಾಣಗಳ ಕಡತ ಹೊರಬಂದಾಗ ಟ್ಯಾಕ್ಸಿ ನಂಬರನ್ನು ಎಂಡಿ5 ಅನ್ನುವ ವಿಧಾನದಲ್ಲಿ ಹ್ಯಾಶ್ ಮಾಡಿದ್ದರು. ಸಾಧ್ಯವಿರುವ ನಂಬರುಗಳೇ ಕಡಿಮೆ, ಹಾಗಾಗಿ ಎಲ್ಲವನ್ನೂ ಹ್ಯಾಶ್ ಮಾಡಿ ಹೋಲಿಸಿ ಕೆಲವೇ ಗಂಟೆಗಳಲ್ಲಿ ಬಿಡಿಸಿಬಿಟ್ಟರು. ಫೋನ್ ನಂಬರಿನದ್ದೂ ಅದೇ ಕಥೆ.

ಇದರ ಜೊತೆಗೆ ನಾವು ಮಾಡಿ ನೋಡಿ ಬಿಟ್ಟದ್ದನ್ನೂ ಹೇಳಿಬಿಡುತ್ತೇನೆ. ಷಿಕಾಗೋದಲ್ಲಿ ಹೋಟೆಲ್ ತಪಾಸಣೆಗೆ ಒಂದು ಕಂಪ್ಯೂಟರ್ ಮಾದರಿ ಕಟ್ಟಿದ್ದರು. ಹಳೆಯ ತಪಾಸಣೆ, ಸುತ್ತಮುತ್ತಲ ಕಸದ ದೂರು, ಮೂರು ದಿನದ ಬಿಸಿಲು ಇಂಥವನ್ನೆಲ್ಲ ಸೇರಿಸಿ ಮೊದಲು ಎಲ್ಲಿಗೆ ಹೋಗಬೇಕು ಅಂತ ಹೇಳುವ ಮಾದರಿ. 2014ರ ಪ್ರಯೋಗದಲ್ಲಿ ಗಂಭೀರ ದೋಷಗಳು ಸರಾಸರಿ 7.5 ದಿನ ಮುಂಚೆ ಸಿಕ್ಕವು. ಕೋಡ್ ಎಲ್ಲರೂ ನೋಡಬಹುದಾದ ಗಿಟ್‌ಹಬ್ ತಾಣದಲ್ಲೇ ಇದೆ. ನಾವೂ ಅದೇ ದಾರಿಯಲ್ಲಿ ಯಾವ ದೀಪ ಮುಂದಿನ ತಿಂಗಳು ಕೆಡುತ್ತದೆ ಅಂತ ಹೇಳಲು ಹೊರಟೆವು. ದೀಪದ ವಯಸ್ಸು ಮತ್ತು ಬಾಕ್ಸ್ ನೋಡಿ ಸುಮ್ನೆ ಇಳಿಕೆ ಕ್ರಮದಲ್ಲಿ ಜೋಡಿಸಿದ ಪಟ್ಟಿಯೇ ಮಾದರಿಗಿಂತ ಚೆನ್ನಾಗಿ ಹೇಳುತ್ತಿತ್ತು. ಮಾದರಿ ಬಿಟ್ಟೆವು. ಹ್ಯಾಕಥಾನ್ (ಆಪ್ ಕಟ್ಟುವ ಸ್ಪರ್ಧೆ) ಕೂಡ ನಡೆಯಿತು, ಅದು ಮೇಲಿನವರ ಆಸೆ. ಬಹುಮಾನದ ಹಣ ಹೋಯಿತು, ಆರು ತಿಂಗಳ ಮೇಲೆ ಬದುಕಿದ ಆಪ್ ಒಂದೂ ಇಲ್ಲ.

ವಾರ್ಡ್‌ಗಳಿಗೆ ರ‍್ಯಾಂಕ್ ಕೊಟ್ಟದ್ದು ಮಾತ್ರ ನಿಜವಾಗಿ ಹಾನಿ ಮಾಡಿತು. ಕೊನೆಯ ಸ್ಥಾನ ಬಂದ ಕಡೆ ದೂರು ದಾಖಲಿಸುವುದನ್ನೇ ಕಡಿಮೆ ಮಾಡಿದರು. ಅಂಕಿ ಸುಧಾರಿಸಿತು, ಬೀದಿ ಕತ್ತಲಾಗಿಯೇ ಉಳಿಯಿತು. ರ‍್ಯಾಂಕ್ ತೆಗೆದು, ಅತಿ ಹಳೆಯ ದೂರು ಯಾವುದು ಅಂತ ಮೊದಲ ಸಾಲಿನಲ್ಲಿ ತೋರಿಸತೊಡಗಿದೆವು. ಒಂದು ಕಂಬ ಮೊದಲ ಸಾಲಿನಲ್ಲಿ ಮೂರು ದಿನ ನಿಂತರೆ ಸಾಕು, ಯಾರೂ ಹೇಳದೇ ಗಾಡಿ ಹೊರಡುತ್ತದೆ.

ಇನ್ನೊಂದು ವಿಷಯ ನನ್ನನ್ನು ತುಂಬ ಕಾಡಿತು. ಅತಿ ಕಡಿಮೆ ದೂರು ಬರುವ ಬಡಾವಣೆಗಳಿಗೆ ರಾತ್ರಿ ಹೋಗಿ ನೋಡಿದರೆ ಅಲ್ಲೇ ಅತಿ ಹೆಚ್ಚು ಕತ್ತಲು. ದೂರು ಕೊಟ್ಟು ಪ್ರಯೋಜನ ಇಲ್ಲ ಅಂತ ಜನ ಬಿಟ್ಟಿದ್ದರು. ರಸ್ತೆ ಗುಂಡಿ ಗುರುತಿಸುವ ಬಾಸ್ಟನ್ನಿನ ಸ್ಟ್ರೀಟ್ ಬಂಪ್ ಆಪ್‌ಗೂ ಇದೇ ತೊಂದರೆ ಕಂಡಿತ್ತು. ಸ್ಮಾರ್ಟ್‌ಫೋನ್ ಇದ್ದವರ ರಸ್ತೆಯ ಗುಂಡಿ ಮಾತ್ರ ಕಾಣುತ್ತಿತ್ತು. ನಾವು ಕಸದ ಗಾಡಿಯ ಚಾಲಕರ ಸಹಾಯ ಕೇಳಿದೆವು. ಅವರು ನಸುಕಿನಲ್ಲಿ, ದೀಪ ಆರುವ ಮೊದಲೇ ಎಲ್ಲ ಬೀದಿಗೂ ಹೋಗುತ್ತಾರೆ. ಕತ್ತಲೆ ಕಂಬ ಕಂಡರೆ ಫೋನಿನಲ್ಲಿ ಒಂದು ಗುಂಡಿ ಒತ್ತಬೇಕು, ಅಷ್ಟೇ. ಅದು ದೂರಾಗಿ ಅದೇ ಕಡತಕ್ಕೆ ಸೇರುತ್ತದೆ. ಈಗ ಹೆಚ್ಚುಕಡಿಮೆ ಮೂರರಲ್ಲೊಂದು ದೂರು ಅವರಿಂದಲೇ ಬರುತ್ತಿದೆ. ತಿಂಗಳಿಗೆ ಅವರಿಗೊಂದು ಸಣ್ಣ ಭತ್ಯೆ ಕೊಡಿಸಲು ನಾನು ಆರು ತಿಂಗಳು ಕಡತ ಹೊತ್ತು ಓಡಾಡಿದೆ. ಕೊಡಿಸಿದೆ.

ಈಗ ರಸ್ತೆ ಅಗೆಯುವ ಅನುಮತಿಗಳನ್ನು ಹೀಗೇ ತರಲು ಹೊರಟಿದ್ದೇವೆ. ನೀರಿನವರು ಒಪ್ಪಿದ್ದಾರೆ, ಕೇಬಲ್ ಕಂಪನಿಗಳು ಇನ್ನೂ ಒಪ್ಪಿಲ್ಲ. ಕಾಲಂಗಳ ಹೆಸರು ಈ ವಾರ ಗಟ್ಟಿಯಾಗುತ್ತದೆ. ಅಗೆದ ಗುಂಡಿ ಮುಚ್ಚಿದ ದಿನಾಂಕ ಯಾರು ತುಂಬಬೇಕು, ಅಗೆದವರಾ ರಸ್ತೆಯವರಾ ಅಂತ ಜಗಳ ನಡೆಯುತ್ತಿದೆ. ನಾನು ರಸ್ತೆಯವರ ಪರ.