ಕಂಚಿನ ಕಾಯಿಗೆ ಜಾಗ ಹುಡುಕಿದ್ದು

ಸ್ಟುಡಿಯೋದಲ್ಲಿ ಆ ಕಾಯಿ ಭಾರೀ ದೊಡ್ಡದಾಗಿ ಕಾಣುತ್ತಿತ್ತು. ಮಣ್ಣಿನಲ್ಲಿ ಮಾಡಿದ ಅವರೆಕಾಯಿಯ ಮಾದರಿ, 1.6 ಮೀಟರ್ ಎತ್ತರ, ತುದಿ ಸ್ವಲ್ಪ ಬಾಗಿದ್ದು, ಒಂದು ಕಡೆ ಬಿರಿದು ಒಳಗಿನ ಬೀಜಗಳು ಕಾಣುವ ಹಾಗೆ. ನೋಡಿದವರೆಲ್ಲ ‘ಅಬ್ಬಾ’ ಅಂದಿದ್ದರು. ಒಂದು ಸಸ್ಯೋದ್ಯಾನಕ್ಕೆ ಕಾಯಂ ಆಗಿ ಇಡಲು ಮಾಡುತ್ತಿದ್ದ ಕೆಲಸ ಅದು. ಎರಕಕ್ಕೆ ಕೊಡುವ ಮೊದಲು ಅದೇ ಅಳತೆಯಲ್ಲಿ ಬಿದಿರಿನ ಚೌಕಟ್ಟು ಕಟ್ಟಿ, ಬಟ್ಟೆ ಸುತ್ತಿ, ತೋಟದ ಹುಲ್ಲುಹಾಸಿನ ಮೇಲೆ ನಿಲ್ಲಿಸಿದೆ. 30 ಹೆಜ್ಜೆ ಹಿಂದೆ ಹೋಗಿ ತಿರುಗಿ ನೋಡಿದರೆ ಯಾರೋ ಮರೆತು ಬಿಟ್ಟುಹೋದ ಕಸದ ಬುಟ್ಟಿ!

ಬಯಲಿಗೆ ಬಂದ ತಕ್ಷಣ ಶಿಲ್ಪ ಚಿಕ್ಕದಾಗುತ್ತದೆ. ಗೋಡೆ ಇಲ್ಲ, ಚಾವಣಿ ಇಲ್ಲ, ಪಕ್ಕದಲ್ಲಿ 20 ಮೀಟರಿನ ಮರ. ನಾಲ್ಕು ದಿನ ಬಿದಿರು ಉದ್ದ ಮಾಡುತ್ತಾ ಹೋದೆ. 2.4 ಮೀಟರಿಗೆ ಬಂದಾಗ ಕಣ್ಣು ಒಪ್ಪಿತು. ಬಿದಿರು ಮತ್ತು ಹಳೇ ಬೆಡ್‌ಶೀಟಿನ ಖರ್ಚು ಏನೂ ಅಲ್ಲ. ಎರಕ ಹೊಯ್ದ ಮೇಲೆ ಗೊತ್ತಾಗಿದ್ದರೆ ನಾನು ಆ ತೋಟದ ಕಡೆ ತಲೆ ಹಾಕುತ್ತಿರಲಿಲ್ಲ.

ಜಾಗ ಮಾತ್ರ ನಾನು ಮೊದಲೇ ಆರಿಸಿಟ್ಟುಕೊಂಡಿದ್ದೆ. ಅತ್ತಿ ಜಾತಿಯ ಒಂದು ಹಳೇ ಮರ. ಅದರ ಕೊಂಬೆಗಳ ಕೆಳಗೆ ಬಿಸಿಲು ಚೂರುಚೂರಾಗಿ ಬೀಳುತ್ತಿತ್ತು. ಕಂಚಿನ ಮೇಲೆ ಆ ಬಿಸಿಲು ಓಡಾಡುವುದನ್ನು ಮನಸ್ಸಿನಲ್ಲೇ ಎಷ್ಟೋ ಸಲ ನೋಡಿಯಾಗಿತ್ತು. ತೋಟದ ಹಿರಿಯ ಮಾಲಿಗೆ ತೋರಿಸಿದೆ. ಅವರು ಬೇಡ ಅನ್ನಲಿಲ್ಲ. “ಮೇಡಂ, ಹಣ್ಣು ಬಿಡೋ ಕಾಲದಲ್ಲಿ ಒಂದು ದಿನ ಇಲ್ಲಿ ಬಂದು ಕೂತ್ಕೊಳ್ಳಿ. ಆಮೇಲೆ ಮಾತಾಡೋಣ” ಅಂದರು.

ಕೂತೆ. ಅರ್ಧ ಗಂಟೆಯಲ್ಲಿ ನನ್ನ ಸ್ಕೆಚ್ ಪುಸ್ತಕದ ಮೇಲೆ ಮೂರು ಹಣ್ಣು, ಹೆಗಲ ಮೇಲೆ ಹಕ್ಕಿ ಹಿಕ್ಕೆ. ಹಕ್ಕಿ ಹಿಕ್ಕೆಯಲ್ಲಿ ಯೂರಿಕ್ ಆಮ್ಲ ಇರುತ್ತದೆ. ಕಂಚಿನ ಮೇಲೆ ಬಿದ್ದು ಹಾಗೇ ಒಣಗಿದರೆ, ನಾವು ರಾಸಾಯನಿಕ ಹಾಕಿ, ಬಿಸಿ ಮಾಡಿ, ವಾರಗಟ್ಟಲೆ ಕೂತು ತಂದ ಬಣ್ಣವನ್ನು ತಿಂದು ಕಲೆ ಉಳಿಸುತ್ತದೆ. ಮರ ಅಲ್ಲೇ ಇರಲಿ, ನಾನೇ ಆಚೆ ಹೋಗ್ತೀನಿ ಅಂದೆ. ಮಾಲಿ ನಕ್ಕರು. “ಎಷ್ಟು ಆಚೆ ಅನ್ನೋದನ್ನ ಬೇರು ಹೇಳುತ್ತೆ” ಅಂದರು.

ನಾನು ಕಲ್ಲು-ಕಂಚಿನ ಮನುಷ್ಯಳು. ಬೇರು ಅಂದರೆ ನನ್ನ ತಲೆಯಲ್ಲಿ ಇದ್ದದ್ದು ಶಾಲೆಯ ಚಿತ್ರ: ಮೇಲೆ ಮರ, ಕೆಳಗೆ ಅಷ್ಟೇ ಆಳಕ್ಕೆ ತಲೆಕೆಳಗಾದ ಇನ್ನೊಂದು ಮರ. ಅದು ತಪ್ಪು. ಬಹುಪಾಲು ಬೇರುಗಳು ಮೇಲಿನ ಒಂದು ಮೀಟರ್ ಮಣ್ಣಿನೊಳಗೇ ಇರುತ್ತವೆ, ಮತ್ತು ಕೊಂಬೆಗಳ ಹರವನ್ನೂ ದಾಟಿ ದೂರ ಹೋಗಿರುತ್ತವೆ. ನೀರು ಹೀರುವ ಎಳೆ ಬೇರುಗಳಂತೂ ಇನ್ನೂ ಮೇಲೆ, ಹುಲ್ಲಿನ ಬುಡದಲ್ಲೇ. ಮರದ ಹತ್ತಿರ ಕಟ್ಟಡ ಕಟ್ಟುವವರು ಬಳಸುವ ಒಂದು ಲೆಕ್ಕ ಇದೆ. ನೆಲದಿಂದ 1.5 ಮೀಟರ್ ಎತ್ತರದಲ್ಲಿ ಕಾಂಡದ ಅಡ್ಡಗಲ ಅಳೆಯಬೇಕು, ಅದನ್ನು 12ರಿಂದ ಗುಣಿಸಬೇಕು. ಬಂದ ಉತ್ತರದಷ್ಟು ದೂರದೊಳಗೆ ಅಗೆಯಬಾರದು, ಭಾರ ಹೇರಬಾರದು. ನಮ್ಮ ಮರದ ಅಡ್ಡಗಲ 90 ಸೆಂಟಿಮೀಟರ್. ಅಂದರೆ 10.8 ಮೀಟರ್. ನಾನು ಗುರುತು ಹಾಕಿದ್ದು ಕಾಂಡದಿಂದ ನಾಲ್ಕು ಮೀಟರಿನಲ್ಲಿ!

ಕೊನೆಗೆ 14 ಮೀಟರಿನಲ್ಲಿ ಗೂಟ ಹೊಡೆದೆವು. ಅಷ್ಟು ದೂರ ಹೋದರೂ ಜೆಸಿಬಿ ಬಿಡಲಿಲ್ಲ. ಸಣ್ಣ ಸಲಿಕೆಯಲ್ಲಿ, ಕೈಯಲ್ಲಿ, ನಿಧಾನ. ಎರಡನೇ ದಿನ ಮಣಿಕಟ್ಟಿನಷ್ಟು ದಪ್ಪದ ಬೇರೊಂದು ಗುಂಡಿಗೆ ಅಡ್ಡ ಬಂತು. ಮಾಲಿ ಮಂಡಿಯೂರಿ ಕೂತು, ಬ್ರಷ್ಷಿನಲ್ಲಿ ಮಣ್ಣು ಸರಿಸಿ, ಒದ್ದೆ ಗೋಣಿ ಹೊದಿಸಿದರು. ಮಗುವಿಗೆ ಚಾದರ ಹೊದಿಸಿದ ಹಾಗೆ. 25 ಮಿಲಿಮೀಟರಿಗಿಂತ ದಪ್ಪದ ಬೇರನ್ನು ತಿಳಿದವರನ್ನು ಕೇಳದೆ ಕತ್ತರಿಸುವಂತಿಲ್ಲ. ತಿಳಿದವರು ಅಲ್ಲೇ ಕೂತಿದ್ದರು. ಅವರು ಕತ್ತರಿಸಲು ಬಿಡಲಿಲ್ಲ. ಆ ಬೇರಿನ ಎರಡೂ ಪಕ್ಕದಲ್ಲಿ ಸಣ್ಣ ಕಂಬಗಳನ್ನು ಇಳಿಸಿ, ಮೇಲೆ ಸೇತುವೆಯ ಹಾಗೆ ಕಾಂಕ್ರೀಟ್ ಹಾಸು ಹಾಕಿದೆವು. ಹಸಿ ಕಾಂಕ್ರೀಟಿನ ನೀರಿನಲ್ಲಿ ಸುಣ್ಣದ ಕ್ಷಾರ ಇರುತ್ತದೆ, ಬೇರಿಗೆ ಆಗದು. ಅದಕ್ಕೇ ಹೊಯ್ಯುವ ಮೊದಲು ಗುಂಡಿಗೆಲ್ಲ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿದೆವು. ಇಷ್ಟಕ್ಕೇ ಮೂರು ವಾರ ಹೋಯಿತು. ಮಣ್ಣಿನ ಮಾದರಿಗೆ ನಾನು ತಗೊಂಡಿದ್ದು ಐದು ವಾರ.

ಎರಕದ ಬಗ್ಗೆ ಜಾಸ್ತಿ ಹೇಳಲ್ಲ. ಮೇಣದ ಅಚ್ಚಿನ ಹಳೇ ವಿಧಾನ, ತುಂಡು ತುಂಡಾಗಿ ಹೊಯ್ದು ಬೆಸೆದದ್ದು, ಗೋಡೆಯ ದಪ್ಪ ಸುಮಾರು 5 ಮಿಲಿಮೀಟರ್. ಆದರೆ ಹೊರಗಡೆ ಇಡುವುದರಿಂದ ಮಾಡಿಕೊಂಡ ಕೆಲವು ಬದಲಾವಣೆ ಹೇಳಲೇಬೇಕು.

ಹಿಂದೆ ಬೇರೊಂದು ಶಿಲ್ಪಕ್ಕೆ ನಾನು ಒಳಗಿನ ಚೌಕಟ್ಟಿಗೆ ಸಾದಾ ಕಬ್ಬಿಣದ ಬೋಲ್ಟ್ ಹಾಕಿದ್ದೆ. ಒಳಗಿರುತ್ತೆ, ಯಾರು ನೋಡ್ತಾರೆ ಅಂತ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬಿಳಿ ಕಲ್ಲಿನ ಪೀಠದ ಮೇಲೆ ಕಂದು ಬಣ್ಣದ ಉದ್ದ ಗೆರೆ. ಎರಡು ಬೇರೆ ಲೋಹ ತಾಗಿಕೊಂಡು, ನಡುವೆ ನೀರು ಸೇರಿದರೆ ಅಲ್ಲೊಂದು ಬ್ಯಾಟರಿಯೇ ಆಗುತ್ತದೆ. ಕಂಚಿನ ಜೊತೆ ಇದ್ದರೆ ಕಬ್ಬಿಣವೇ ಮೊದಲು ಕರಗುವುದು. ಈ ಸಲ ಒಳಗಿನದ್ದೆಲ್ಲ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್. ಕಲ್ಲಿಗೆ ಇಳಿಯುವ ಮೂರು ಗೂಟಗಳೂ ಅದೇ.

ಕಂಚಿನಿಂದ ಇಳಿಯುವ ಮಳೆನೀರಿನಲ್ಲೂ ತಾಮ್ರದ ಅಂಶ ಇರುತ್ತದೆ. ಅದು ಕಲ್ಲಿಗೆ ಹಸಿರು ಬಳಿಯುತ್ತದೆ, ಬಿದ್ದ ಕಡೆ ಪಾಚಿಯನ್ನೂ ಕಲ್ಲುಹೂವನ್ನೂ ಬೆಳೆಯಲು ಬಿಡುವುದಿಲ್ಲ. ಅದಕ್ಕೆ ಕಾಯಿಯ ಬುಡದ ಕೆಳಅಂಚಿನಲ್ಲಿ ಸುತ್ತಲೂ ಒಂದು ಸಣ್ಣ ತೋಡು ತೆಗೆಸಿದೆ. ಕಿಟಕಿಯ ಸಜ್ಜದ ಅಡಿಯಲ್ಲಿ ಇರುತ್ತಲ್ಲ, ಹಾಗೆ. ನೀರು ಒಳಕ್ಕೆ ಹರಿದು ಕಲ್ಲಿಗೆ ಅಂಟದೆ, ಅಂಚಿನಲ್ಲೇ ತೊಟ್ಟಿಕ್ಕಿ ಜಲ್ಲಿಯ ಮೇಲೆ ಬೀಳುತ್ತದೆ. ಕಾಯಿಯ ಹೊಟ್ಟೆಯಲ್ಲಿ ನೀರು ನಿಲ್ಲದಿರಲಿ ಅಂತ ತಳದಲ್ಲಿ ಹೆಬ್ಬೆರಳು ಗಾತ್ರದ ತೂತು. ಆ ತೂತಿನ ಕಥೆ ಕೊನೆಗೆ ಹೇಳ್ತೀನಿ.

ಇನ್ನು ಮಕ್ಕಳು. ‘ಮುಟ್ಟಬೇಡಿ’ ಅಂತ ಫಲಕ ಹಾಕೋಣ ಅಂದವರಿದ್ದರು. ನಾನು ಒಪ್ಪಲಿಲ್ಲ. ತೋಟದಲ್ಲಿ ಬಾಗಿದ ಕಂಚಿನ ಕಾಯಿ ಇಟ್ಟು ಹತ್ತಬೇಡಿ ಅಂದರೆ ಯಾವ ಮಗು ಕೇಳುತ್ತೆ? ಇಂಗ್ಲೆಂಡಿನಲ್ಲಿ ಹೆನ್ರಿ ಮೂರ್ ಎಂಬ ಶಿಲ್ಪಿ ತನ್ನ ಮನೆಯ ಪಕ್ಕದ ಹುಲ್ಲುಗಾವಲಿನಲ್ಲೇ ಒಂದು ದೊಡ್ಡ ಕಂಚಿನ ಶಿಲ್ಪ ಇಟ್ಟ. ಕುರಿಗಳು ಅದಕ್ಕೆ ಮೈ ಉಜ್ಜುತ್ತವೆ, ಅದರ ನೆರಳಲ್ಲಿ ಮಲಗುತ್ತವೆ. ಕುರಿಗೆ ಇಲ್ಲದ ಫಲಕ ಮಕ್ಕಳಿಗೆ ಯಾಕೆ? ಹಾಗಂತ ಸುಮ್ನೆ ಬಿಡುವಂತಿಲ್ಲ. ತುದಿಗೆ ನಾಲ್ಕು ಜನ ದೊಡ್ಡವರು ಜೋತುಬಿದ್ದರೂ ಅಲುಗದ ಹಾಗೆ ಲೆಕ್ಕ ಹಾಕಿಸಿದೆ. ಬಿರಿದ ಬಾಯಿಯ ಅಗಲವನ್ನು 70 ಮಿಲಿಮೀಟರಿಗೆ ಇಳಿಸಿದೆ. ಆಟದ ಮೈದಾನದ ಸಾಮಾನು ಮಾಡುವವರು 89ರಿಂದ 230 ಮಿಲಿಮೀಟರ್ ನಡುವಿನ ಸಂದು ಬಿಡುವುದಿಲ್ಲ. ಆ ಅಳತೆಯಲ್ಲಿ ಮಗುವಿನ ಮೈ ತೂರುತ್ತದೆ, ತಲೆ ಸಿಕ್ಕಿಕೊಳ್ಳುತ್ತದೆ. ನನ್ನ ಮೊದಲ ಮಾದರಿಯಲ್ಲಿ ಬಾಯಿ 150 ಇತ್ತು. ನೆನೆಸಿಕೊಂಡರೆ ಈಗಲೂ ಬೆನ್ನು ತಣ್ಣಗಾಗುತ್ತದೆ.

ಕೂರಿಸುವ ದಿನ ಪೀಠದ ಗ್ರಾನೈಟೇ ದೊಡ್ಡ ತಲೆನೋವು. ಗ್ರಾನೈಟ್ ಒಂದು ಘನ ಮೀಟರಿಗೆ ಹೆಚ್ಚುಕಡಿಮೆ 2.65 ಟನ್ ತೂಗುತ್ತದೆ. ನಮ್ಮದು 1.2 ಮೀಟರ್ ಉದ್ದ, 0.9 ಅಗಲ, 0.6 ಎತ್ತರ. 1.7 ಟನ್. ಅದನ್ನು ಎತ್ತುವ ಕ್ರೇನಿನ ತೂಕ ಬೇರೆ. ಆ ಚಕ್ರ ಒಮ್ಮೆ ಹಸಿ ನೆಲದ ಮೇಲೆ ಹಾದರೆ ಮಣ್ಣು ಒತ್ತಿಕೊಂಡು, ಒಳಗೆ ಗಾಳಿಯೂ ಆಡದೆ ನೀರೂ ಇಳಿಯದೆ ಬೇರು ಉಸಿರುಗಟ್ಟುತ್ತದೆ. ಮರ ಸಾಯುವುದು ಕೂಡಲೇ ಗೊತ್ತಾಗುವುದಿಲ್ಲ. ವರ್ಷಗಳ ಮೇಲೆ ತುದಿ ಕೊಂಬೆ ಒಣಗುತ್ತದೆ. ಅಷ್ಟು ಹೊತ್ತಿಗೆ ಕ್ರೇನು ಎಲ್ಲರಿಗೂ ಮರೆತುಹೋಗಿರುತ್ತದೆ. ಕಾಲುದಾರಿಯಿಂದ ಪೀಠದವರೆಗೆ ಮರದ ಚಕ್ಕೆ ಸುರಿದು, ಮೇಲೆ ದಪ್ಪ ಹಲಗೆ ಜೋಡಿಸಿ, ಕ್ರೇನನ್ನು ದಾರಿಯ ಮೇಲೇ ನಿಲ್ಲಿಸಿ, ಕೊನೆಯ ಕೆಲವು ಮೀಟರ್ ರೋಲರ್ ಮೇಲೆ ತಳ್ಳಿದೆವು. ಬೆಳಿಗ್ಗೆ ಆರಕ್ಕೆ ಶುರು ಮಾಡಿದ್ದು. ಮುಗಿದಾಗ ಸಂಜೆ ದೀಪ ಹಚ್ಚಿದ್ದರು.

ಮಾರನೇ ದಿನ ಒಬ್ಬರು ಸಸ್ಯಶಾಸ್ತ್ರಜ್ಞೆ ಬಂದು ಸುತ್ತು ಹಾಕಿದರು. ಫಲಕದಲ್ಲಿ ‘ಅವರೆಕಾಯಿ’ ಅಂತ ಬರೆದಿತ್ತು. “ಇದು ಒಂದೇ ಕಡೆ ಬಿರಿದಿದೆ ಅಲ್ವಾ? ಅವರೆ ಜಾತಿಯ ಕಾಯಿ ಒಣಗಿ ಬಿರಿದಾಗ ಎರಡೂ ಅಂಚಿನಲ್ಲಿ ಬಿಚ್ಚಿಕೊಳ್ಳುತ್ತೆ. ಒಂದೇ ಅಂಚಲ್ಲಿ ಬಿರಿಯೋದು ಎಕ್ಕದ ಕಾಯಿ” ಅಂದರು. ಗ್ಯಾಲರಿಯಲ್ಲಿ ಇಷ್ಟು ವರ್ಷ ಯಾರೂ ನನ್ನ ಶಿಲ್ಪಗಳ ಬಿರುಕು ಎಣಿಸಿರಲಿಲ್ಲ. ಸಸ್ಯೋದ್ಯಾನದ ಪ್ರೇಕ್ಷಕರು ಬೇರೆಯೇ ಜನ. ಇನ್ನೂರೆಂಬತ್ತು ಕಿಲೋ ಕಂಚನ್ನು ಬದಲಿಸಲಾಗದು, ಫಲಕ ಬದಲಿಸಿದೆ. ಈಗ ಬರೀ ‘ಕಾಯಿ’.

ವರ್ಷಕ್ಕೆ ಎರಡು ಸಲ ಹೋಗಿ ತೊಳೆಯುತ್ತೇನೆ. ಮೆದು ಬ್ರಷ್, ಸೌಮ್ಯ ಸೋಪು, ಆಮೇಲೆ ಧಾರಾಳ ನೀರು. ಪೂರ್ತಿ ಒಣಗಿದ ಮೇಲೆ ಗ್ಯಾಸ್ ಟಾರ್ಚಿನಿಂದ ಕಂಚನ್ನು ಹದವಾಗಿ ಬೆಚ್ಚಗೆ ಮಾಡಿ ಮೇಣ ಹಚ್ಚುತ್ತೇನೆ. ಬೆಚ್ಚಗಿದ್ದರೆ ಮೇಣ ಕರಗಿ ಸೂಕ್ಷ್ಮ ರಂಧ್ರಕ್ಕೆಲ್ಲ ಇಳಿಯುತ್ತದೆ. ತಣ್ಣಗಾದ ಮೇಲೆ ಬಟ್ಟೆಯಲ್ಲಿ ಉಜ್ಜಿದರೆ ನೀರು ಹನಿಹನಿಯಾಗಿ ಜಾರುತ್ತದೆ. ಮೊದಲ ವರ್ಷ ಒಂದು ಪಕ್ಕದಲ್ಲಿ ಬಿಳಿ ಚುಕ್ಕೆ ಎದ್ದಿದ್ದವು. ಹುಲ್ಲಿಗೆ ನೀರು ಹಾರಿಸುವ ಸ್ಪ್ರಿಂಕ್ಲರಿನ ಗಡಸು ನೀರು ಕಾಯಿಗೂ ಹಾರುತ್ತಿತ್ತು. ಮೂತಿ ತಿರುಗಿಸಿದರು, ಅಷ್ಟೇ. ಬಾಗಿದ ತುದಿಯ ಕೆಳಗೆ ಮಕ್ಕಳ ಕೈ ಆಡಿ ಆಡಿ ಕಂಚು ಬಂಗಾರದ ಬಣ್ಣಕ್ಕೆ ಬಂದಿದೆ. ಅಲ್ಲಿಗೆ ಮಾತ್ರ ನಾನು ಬಣ್ಣ ತಿದ್ದಲು ಹೋಗುವುದಿಲ್ಲ.

ಹೋದ ಸಲ ಹೋದಾಗ ಕಾಯಿಯ ಹೊಟ್ಟೆಯಲ್ಲಿ ನೀರು ನಿಂತಿತ್ತು. ತಳದ ತೂತು ಮುಚ್ಚಿಹೋಗಿದೆ ಅಂತ ತಂತಿ ಹಿಡಿದು ಬಗ್ಗಿದೆ. ತೂತಿನಿಂದ ಎರಡು ಪುಟ್ಟ ಎಲೆ ಹೊರಗೆ ಇಣುಕುತ್ತಿದ್ದವು. ಹಕ್ಕಿ ತಂದು ಹಾಕಿದ ಬೀಜ. ಅದೇ ಅತ್ತಿಯ ಮರಿ. ನಾನು 14 ಮೀಟರ್ ದೂರ ಓಡಿ ಬಂದಿದ್ದೆ, ಮರ ಹಿಂದೆಯೇ ಬಂದಿತ್ತು. ಅತ್ತಿ ಜಾತಿಯ ಬೇರು ಗೋಡೆಯನ್ನೇ ಸೀಳುವಂಥದ್ದು, ಬಿಡುವ ಹಾಗಿಲ್ಲ. ಆದರೂ ತಂತಿ ಹಾಕಲು ಕೈ ಬರಲಿಲ್ಲ. ಮಾಲಿಯನ್ನು ಕರೆದೆ. ಅವರು ಬಂದು, ತೂತಿಗೆ ನೀರು ಹನಿಸಿ, ಕಿರುಬೆರಳಿನಿಂದ ಮಣ್ಣು ಸಡಿಲಿಸಿ, ಎಳೆ ಬೇರು ತುಂಡಾಗದ ಹಾಗೆ ಗಿಡವನ್ನು ಎಳೆದುಕೊಂಡರು. ನಿಂತ ನೀರೆಲ್ಲ ಬುಳಬುಳ ಅಂತ ಅವರ ಕಾಲ ಮೇಲೆ ಸುರಿಯಿತು.

“ಕುಂಡದಲ್ಲಿ ಹಾಕಿಡ್ತೀನಿ ಮೇಡಂ” ಅಂದು, ಒದ್ದೆ ಚಪ್ಪಲಿಯಲ್ಲೇ ನರ್ಸರಿ ಕಡೆ ಹೊರಟರು.