ಧಾರೆಗೆಂದು ಉಳಿಸಿದ ಹತ್ತು ಫ್ರೇಮು

ಉಡುಪಿ ಸುತ್ತಮುತ್ತ ನಾನು ಮದುವೆ ಫೋಟೋ ತೆಗೆಯಲು ಹೊರಟದ್ದು 1994ರಲ್ಲಿ. ಕೈಯಲ್ಲಿ ಹಳೆಯ ಪೆಂಟಾಕ್ಸ್ ಕೆ1000 ಕ್ಯಾಮೆರಾ, ಚೀಲದಲ್ಲಿ ನಾಲ್ಕು ರೀಲು. ರೀಲಿಗೆ 36ರಂತೆ ಇಡೀ ಮದುವೆಗೆ 144 ಫೋಟೋ. ಈಗಿನ ಹುಡುಗರು ಮದುಮಗಳ ಬಳೆಗೇ ಅಷ್ಟು ತೆಗೆಯುತ್ತಾರೆ, ಅಲ್ವಾ?

ಹಾಗಾಗಿ ಕಣ್ಣು ಮಂಟಪದ ಮೇಲಿದ್ದರೂ ತಲೆಯೊಳಗೆ ಲೆಕ್ಕ ನಡೆಯುತ್ತಲೇ ಇರುತ್ತಿತ್ತು. ಧಾರೆಗೆ ಕೊನೇಪಕ್ಷ ಹತ್ತು ಫ್ರೇಮು ಬೇಕು. ಅಂತರಪಟ ಹಿಡಿಯುವ ಹೊತ್ತಿಗೆ ಕೌಂಟರ್ 26 ದಾಟಿದ್ದರೆ ಉಳಿದದ್ದು ಹೋಗಲಿ ಅಂತ ರೀಲು ಬದಲಿಸಿಬಿಡುತ್ತಿದ್ದೆ. ಭಟ್ಟರು ಮುಹೂರ್ತ ನೋಡುತ್ತಾರೆ, ನಮ್ಮ ರೀಲು ನೋಡುವುದಿಲ್ಲ. ಹೊಸ ರೀಲು ಹಾಕಿ ಲಿವರ್ ಎಳೆದಾಗ ಎಡಗಡೆಯ ಸುತ್ತುವ ಗುಬುಟು ತಿರುಗಬೇಕು. ತಿರುಗದಿದ್ದರೆ ಫಿಲ್ಮ್ ಕಚ್ಚಿಲ್ಲ ಎಂದೇ ಅರ್ಥ. ಮುಗಿದ ರೀಲಿನ ನಾಲಗೆಯನ್ನು, ಅಂದರೆ ಹೊರಗೆ ಚಾಚುವ ತುದಿಯನ್ನು, ಪೂರ್ತಿ ಒಳಗೆ ಸುತ್ತಿಬಿಡುತ್ತಿದ್ದೆ. ಇಲ್ಲದಿದ್ದರೆ ಗಡಿಬಿಡಿಯಲ್ಲಿ ಅದನ್ನೇ ಮತ್ತೆ ಹಾಕಿ, ಧಾರೆಯ ಮೇಲೆ ಊಟದ ಪಂಕ್ತಿ ಕೂತುಬಿಡುತ್ತದೆ.

ಫ್ಲ್ಯಾಶಿನದ್ದು ಬಾಯಿಲೆಕ್ಕ. ನನ್ನದರ ಗೈಡ್ ನಂಬರ್, ಅಂದರೆ ಫ್ಲ್ಯಾಶಿನ ಶಕ್ತಿ ಹೇಳುವ ಅಂಕ, 32. 100 ಸ್ಪೀಡಿನ ಫಿಲ್ಮಿನಲ್ಲಿ ನಾಲ್ಕು ಮೀಟರ್ ದೂರ ನಿಂತರೆ 32ನ್ನು 4ರಿಂದ ಭಾಗಿಸಿ, ಅಪರ್ಚರ್ (ಬೆಳಕು ಒಳಬಿಡುವ ಲೆನ್ಸಿನ ಕಂಡಿ) ಎಫ್8ಕ್ಕೆ. ಧಾರೆಗೆ ಮೊದಲು ಹೊಸ ಸೆಲ್ ಹಾಕಲೇಬೇಕು. ಸೆಲ್ ಸೋತಿದ್ದರೆ ಒಂದು ಸಲ ಹೊಡೆದ ಮೇಲೆ ಕುಂಯ್ ಅಂತ ರಾಗ ಎಳೆಯುತ್ತಾ ಕೂರುತ್ತದೆ. ಕೆಂಪು ದೀಪ ಹತ್ತುವಷ್ಟರಲ್ಲಿ ಗಿಂಡಿಯ ನೀರು ಖಾಲಿ. ಸರಿಯಾಗಿ ಸಿಕ್ಕಿದರೆ ಮಾತ್ರ ಕೈಗಳ ಮೇಲೆ ಬೀಳುವ ನೀರಿನ ಹನಿಹನಿಯೂ ಗಾಳಿಯಲ್ಲೇ ನಿಂತಿರುತ್ತದೆ. ಅಂಥ ಒಂದು ಪ್ರಿಂಟ್ ನೋಡಿದರೆ ನಾಲ್ಕು ದಿನ ಖುಷಿ.

ಮನೆಯಂಗಳದ ಚಪ್ಪರದಲ್ಲಿ ಬೇರೆ ಕಷ್ಟ. ಫ್ಲ್ಯಾಶನ್ನು ಮೇಲಕ್ಕೆ ತಿರುಗಿಸಿ ಬೆಳಕು ಮೆತ್ತಗೆ ಮಾಡೋಣ ಅಂದರೆ ಮೇಲೆ ಹಳದಿ ಶಾಮಿಯಾನ. ಮದುಮಗಳಿಗೆ ಕಾಮಾಲೆ ಬಂದ ಹಾಗೆ ಕಾಣುತ್ತಿತ್ತು. ನೇರ ಹೊಡೆದರೆ ಜಡೆಯ ಮಲ್ಲಿಗೆ ಬರೀ ಬಿಳಿ ಮುದ್ದೆ. ಕೊನೆಗೆ ಫ್ಲ್ಯಾಶಿಗೆ ಬಿಳಿ ಕರವಸ್ತ್ರ ಕಟ್ಟಿ, ಅಪರ್ಚರ್ ಒಂದು ಸ್ಟಾಪ್, ಅಂದರೆ ಒಂದು ಹಂತ, ಹೆಚ್ಚು ತೆರೆದು ನಿಭಾಯಿಸಿದೆ.

ದೊಡ್ಡ ಎಡವಟ್ಟು ಒಂದಾಗಿದೆ. ಬಿಸಿಲಲ್ಲಿ ದಿಬ್ಬಣ ತೆಗೆದವನು ಶಟರನ್ನು 125ರಲ್ಲೇ (ಸೆಕೆಂಡಿನ 125ನೇ ಒಂದು ಭಾಗ) ಬಿಟ್ಟು ಒಳಗೆ ಬಂದೆ. ಈ ಕ್ಯಾಮೆರಾದಲ್ಲಿ ಫ್ಲ್ಯಾಶಿಗೆ 60 ದಾಟಬಾರದು. ದಾಟಿದರೆ, ಫ್ಲ್ಯಾಶ್ ಹೊಡೆಯುವಾಗ ಶಟರಿನ ಪರದೆ ಪೂರ್ತಿ ತೆರೆದಿರುವುದಿಲ್ಲ. ಮಂಗಳೂರಿನ ಲ್ಯಾಬಿನಿಂದ ಪ್ರಿಂಟ್ ಬಂತು. ಪ್ರತಿಯೊಂದರಲ್ಲೂ ಮದುಮಗಳು ಫಳಫಳ, ಮದುಮಗ ನಿಂತ ಪಕ್ಕ ಕಪ್ಪು ಪಟ್ಟಿ. ಅವನ ಅಮ್ಮ ಒಂದೊಂದೇ ತಿರುವಿ ನೋಡಿ, "ನನ್ನ ಮಗ ಎಲ್ಲಿ ಮಾರಾಯ್ರೆ?" ಎಂದರು. ದುಡ್ಡು ಕೇಳುವ ಬಾಯಿ ಇರಲಿಲ್ಲ. ಮರುದಿನವೇ ಆ ಶಟರ್ ಡಯಲಿಗೆ, 60 ದಾಟದ ಹಾಗೆ, ಗಾಯದ ಪಟ್ಟಿ ಅಂಟಿಸಿದೆ.

ಇನ್ನೊಂದು ಗುಟ್ಟು. ಎಲ್ಲರೂ "ನಮ್ಮದೊಂದು ತೆಗಿ" ಅನ್ನುವವರೇ. ರೀಲು ಎಲ್ಲಿಂದ ತರುವುದು? ಸುಮ್ನೆ ಫ್ಲ್ಯಾಶ್ ಮಾತ್ರ ಹೊಡೆಯುತ್ತಿದ್ದೆವು.

ಮೊನ್ನೆ ಅಳಿಯನ ಮದುವೆಗೆ ಆಸೆಯಿಂದ ಅದೇ ಕ್ಯಾಮೆರಾ, ಎರಡು ರೀಲು ಒಯ್ದಿದ್ದೆ. ಮುಂದಿನ ಸಾಲಿನಲ್ಲಿ ಕೂತಿದ್ದ ದೊಡ್ಡಮ್ಮ ಸೆರಗು ಸರಿಮಾಡಿಕೊಂಡು, ಲೆನ್ಸನ್ನೇ ದಿಟ್ಟಿಸಿ ಕೇಳಿದರು: "ಈ ಸಲವಾದರೂ ಒಳಗೆ ರೀಲು ಉಂಟಾ?"