ಕಂಪೈಲ್ ಮಾಡೋಕೆ ಕಷ್ಟ ಇರೋ ಪೈಥಾನ್ ಲೈಬ್ರರಿಗೆ ರೆಡಿ ವೀಲ್ ಮಾಡಿ ಕೊಡೋದು ಹೇಗೆ

ಪಿಪ್ ಇನ್‌ಸ್ಟಾಲ್ ಕೊಟ್ಟ ತಕ್ಷಣ ಸ್ಕ್ರೀನ್ ತುಂಬ ಜಿಸಿಸಿ (ಸಿ ಕಂಪೈಲರ್) ಎರರ್ ಬಂದು, ಕೊನೆಗೆ ಯಾವುದೋ ಹೆಡರ್ ಫೈಲ್ ಸಿಗ್ಲಿಲ್ಲ ಅಂತ ನಿಂತ್ರೆ ಹೊಸಬರು ಆ ಲೈಬ್ರರಿ ಸಹವಾಸನೇ ಬೇಡ ಅಂತ ಬಿಟ್ಟು ಹೋಗ್ತಾರೆ. ನಿಮ್ಮ ಕೋಡಲ್ಲಿ ಸಿ, ಫೋರ್ಟ್ರಾನ್, ರಸ್ಟ್ ಏನಾದ್ರೂ ಇದ್ರೆ ಆ ತಲೆನೋವನ್ನ ನೀವೇ ಒಂದ್ಸಲ ತಗೊಂಡು ವೀಲ್, ಅಂದ್ರೆ ಮೊದಲೇ ಕಂಪೈಲ್ ಮಾಡಿಟ್ಟ ಪ್ಯಾಕೇಜ್, ಕೊಟ್ಬಿಡಿ, ಬಳಸೋರಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ.

ವೀಲ್ ಅಂದ್ರೆ ಬರೀ ಜಿಪ್ ಫೈಲ್. ಯಾವ ಪೈಥಾನ್, ಯಾವ ಎಬಿಐ (ಕಂಪೈಲ್ ಆದ ಕೋಡ್ ಪೈಥಾನ್ ಜೊತೆ ಹೊಂದೋ ರೀತಿ), ಯಾವ ಪ್ಲಾಟ್‌ಫಾರ್ಮ್ ಅನ್ನೋದು ಅದರ ಹೆಸರಲ್ಲೇ ಇರತ್ತೆ, ಪಿಪ್ ಅದನ್ನ ನೋಡೇ ಆರಿಸ್ಕೊಳ್ಳೋದು.

ಲಿನಕ್ಸಲ್ಲಿ ಕೈ ಕೊಡೋದು ಜಿಲಿಬ್‌ಸಿ, ಅಂದ್ರೆ ಹೆಚ್ಚಿನ ಲಿನಕ್ಸ್‌ಗಳ ಮೂಲ ಸಿ ಲೈಬ್ರರಿ. ಅದರ ಸಿಂಬಲ್‌ಗಳಿಗೆ (ಫಂಕ್ಷನ್ ಹೆಸರುಗಳಿಗೆ) ವರ್ಷನ್ ಅಂಟಿಕೊಂಡಿರತ್ತೆ, ನಿಮ್ಮ ಹೊಸ ಲ್ಯಾಪ್‌ಟಾಪಲ್ಲಿ ಬಿಲ್ಡ್ ಮಾಡಿದ್ದು 2.34 ಕೇಳಿದ್ರೆ ಹಳೇ ಸರ್ವರಲ್ಲಿ ಲೋಡೇ ಆಗಲ್ಲ, ಆದ್ರೆ ಹಳೇದ್ರಲ್ಲಿ ಬಿಲ್ಡ್ ಮಾಡಿದ್ದು ಹೊಸದ್ರಲ್ಲಿ ಓಡತ್ತೆ. ಅದಕ್ಕೇ ಹೆಚ್ಚಿನ ಲಿನಕ್ಸ್‌ಗಳಲ್ಲಿ ಓಡೋ ವೀಲ್ ಕಟ್ಟೋಕೆ ಅಂತನೇ ಇರೋ ಮೆನಿಲಿನಕ್ಸ್ ಡಾಕರ್ ಇಮೇಜ್ ಒಳಗೇ ಬಿಲ್ಡ್ ಮಾಡಿ: 2014 ಅನ್ನೋ ಇಮೇಜ್ ಸೆಂಟ್‌ಒಎಸ್ 7 ಮೇಲೆ, ಜಿಲಿಬ್‌ಸಿ 2.17, 2_28 ಅನ್ನೋದು ಆಲ್ಮಾಲಿನಕ್ಸ್ 8 ಮೇಲೆ.

ಬಿಲ್ಡ್ ಆದ್ಮೇಲೆ ಆಡಿಟ್‌ವೀಲ್ ರಿಪೇರ್ ಓಡಿಸಿ. ಅದು ಲಿಬ್‌ಜಿಫೋರ್ಟ್ರಾನ್, ಓಪನ್‌ಬ್ಲಾಸ್ ಥರ ಹೊರಗಿನ ಲೈಬ್ರರಿಗಳನ್ನ ವೀಲ್ ಒಳಗೇ ಕಾಪಿ ಮಾಡಿ, ಬೇರೆ ಪ್ಯಾಕೇಜಿನ ಕಾಪಿ ಜೊತೆ ಗುದ್ದಾಡಬಾರದು ಅಂತ ಹೆಸರಿಗೆ ಹ್ಯಾಶ್ ಸೇರಿಸಿ, ಆರ್‌ಪಾತ್ (ಲೈಬ್ರರಿನ ಎಲ್ಲಿ ಹುಡುಕ್ಬೇಕು ಅನ್ನೋ ದಾರಿ) ತಿದ್ದತ್ತೆ. ಸಿಂಬಲ್ ತುಂಬ ಹೊಸದು ಅಂತ ಅದು ಬೈದ್ರೆ ಫೈಲ್ ಹೆಸರಿನ ಟ್ಯಾಗ್ ಬದಲಾಯಿಸಿ ಅಪ್‌ಲೋಡ್ ಮಾಡೋಕೆ ಹೋಗ್ಬೇಡಿ ದಯವಿಟ್ಟು, ಇನ್‌ಸ್ಟಾಲ್ ಏನೋ ಆಗತ್ತೆ ಆದ್ರೆ ಇಂಪೋರ್ಟಲ್ಲಿ ಬೀಳತ್ತೆ, ಪಾಪ ಬಳಸೋರಿಗೆ ಯಾಕೆ ಅಂತನೂ ಗೊತ್ತಾಗಲ್ಲ. ಹಾಗೇ ಕಂಪೈಲರ್ ಫ್ಲ್ಯಾಗಲ್ಲಿ ಮಾರ್ಚ್ ನೇಟಿವ್ (ಬಿಲ್ಡ್ ಮಾಡೋ ಮಷಿನ್ನಿನ ಸಿಪಿಯುಗೇ ಹೊಂದಿಸು ಅನ್ನೋದು) ಇದ್ರೆ ತೆಗೀರಿ, ಹಳೇ ಸಿಪಿಯು ಇರೋರಿಗೆ ಇಲ್ಲೀಗಲ್ ಇನ್‌ಸ್ಟ್ರಕ್ಷನ್ ಅಂತ ಪ್ರೋಗ್ರಾಮೇ ಸತ್ತುಹೋಗತ್ತೆ.

ಮ್ಯಾಕ್‌ಗೆ ಇದೇ ಕೆಲಸ ಡೀಲೊಕೇಟ್ ಮಾಡತ್ತೆ, ವಿಂಡೋಸ್‌ಗೆ ಡೆಲ್ವ್‌ವೀಲ್. ಆಲ್ಪೈನ್ ಲಿನಕ್ಸ್ ಜಿಲಿಬ್‌ಸಿ ಬದಲು ಮಸಲ್ ಮೇಲೆ ಇರೋದ್ರಿಂದ ಅದಕ್ಕೆ ಮಸಲ್‌ಲಿನಕ್ಸ್ ವೀಲ್ ಬೇರೆನೇ ಬೇಕು. ಇಷ್ಟೆಲ್ಲಾ ಕೈಯಲ್ಲಿ ಮಾಡೋದು ಬೇಡ, ಗಿಟ್‌ಹಬ್ ಆಕ್ಷನ್ಸಲ್ಲಿ ಇದನ್ನೆಲ್ಲ ತಾನೇ ಓಡಿಸೋ ಸಿಐಬಿಲ್ಡ್‌ವೀಲ್ ಹಾಕಿ. ಸಿ ಕೋಡ್ ಲಿಮಿಟೆಡ್ ಎಪಿಐ (ಪೈಥಾನ್ ವರ್ಷನ್ ಬದಲಾದ್ರೂ ಹಾಗೇ ಉಳಿಯೋ ಭಾಗ) ಒಳಗೇ ಇದ್ರೆ ಎಬಿಐ3 ವೀಲ್ ಮಾಡಿ, ಪ್ರತಿ ಪೈಥಾನ್ ವರ್ಷನ್‌ಗೂ ಬೇರೆ ಬೇರೆ ಬಿಲ್ಡ್ ಮಾಡೋದು ತಪ್ಪತ್ತೆ.

ಟೆಸ್ಟ್ ಮಾತ್ರ ಬಿಡ್ಬೇಡಿ. ಜಿಸಿಸಿ ಇಲ್ಲದ ಖಾಲಿ ಪೈಥಾನ್ ಸ್ಲಿಮ್ ಕಂಟೇನರ್ ತಗೊಂಡು ಓನ್ಲಿ ಬೈನರಿ ಆಪ್ಷನ್ (ವೀಲ್ ಮಾತ್ರ ತಗೋ, ಸೋರ್ಸ್ ಬೇಡ ಅನ್ನೋದು) ಜೊತೆ ಇನ್‌ಸ್ಟಾಲ್ ಮಾಡಿ, ಆಮೇಲೆ ಬೇರೆ ಫೋಲ್ಡರ್‌ಗೆ ಹೋಗಿ ಟೆಸ್ಟ್ ಓಡಿಸಿ, ರೆಪೋ ಒಳಗೇ ನಿಂತಿದ್ರೆ ವೀಲ್ ಬದಲು ಸೋರ್ಸ್ ಫೋಲ್ಡರೇ ಇಂಪೋರ್ಟ್ ಆಗ್ಬಹುದು. ಬರೀ ಇಂಪೋರ್ಟ್ ಸಾಲಲ್ಲ, ಒಳಗಿನ ಸಿ ಫಂಕ್ಷನ್ ನಿಜವಾಗ್ಲೂ ಕರೀಬೇಕು.

ಒಳಗೆ ತುಂಬಿದ ಲೈಬ್ರರಿಗಳ ಲೈಸೆನ್ಸ್ ಫೈಲ್ ಸೇರಿಸಿ, ಅವನ್ನ ಈಗ ಹಂಚ್ತಿರೋದು ನೀವೇ. ಎಸ್‌ಡಿಸ್ಟ್ (ಸೋರ್ಸ್ ಪ್ಯಾಕೇಜ್) ಕೂಡ ಹಾಕಿ, ನಿಮ್ಮ ಪಟ್ಟಿಯಲ್ಲಿಲ್ಲದ ಮಷಿನ್ ಇರೋರು ಅದರಿಂದನೇ ಕಟ್ಕೋಬೇಕು. ಪಿಪ್ ಪ್ಯಾಕೇಜ್ ತರೋ ಜಾಗ ಪೈಪಿಐ, ಅಲ್ಲಿಗೆ ಹೋಗೋ ಮುಂಚೆ ಟೆಸ್ಟ್ ಪೈಪಿಐಗೆ ಹಾಕಿ ನೋಡಿ, ಯಾಕಂದ್ರೆ ಒಂದ್ಸಲ ಅಪ್‌ಲೋಡ್ ಆದ ಫೈಲ್ ಹೆಸರನ್ನ ಡಿಲೀಟ್ ಮಾಡಿದ್ರೂ ಮತ್ತೆ ಬಳಸೋಕಾಗಲ್ಲ, ವರ್ಷನ್ ನಂಬರೋ ಬಿಲ್ಡ್ ನಂಬರೋ ಏರಿಸ್ಲೇಬೇಕಾಗತ್ತೆ.